ಸವೆಯಲು ಬಿಡದ ಕ್ಯಾಮೆರಾ

ಹಳೆಯ ಫಿಲ್ಮ್ ಕ್ಯಾಮೆರಾಗಳನ್ನು ಕೂಡಿಡುವವರ ಮೇಲೆ ಪರಿಗ್ರಹದ ಆರೋಪ ಹೊರಿಸುವುದು ಸುಲಭ. ಇರುವುದು ಎರಡು ಕಣ್ಣು, ಹನ್ನೆರಡು ಕ್ಯಾಮೆರಾ ಯಾಕೆ ಎಂದು ಮನೆಯವರೇ ಕೇಳುತ್ತಾರೆ. ಜೈನ ದರ್ಶನ ಈ ವಿಷಯದಲ್ಲಿ ಮನೆಯವರಿಗಿಂತ ಸೂಕ್ಷ್ಮ. ಉಮಾಸ್ವಾತಿಯ ತತ್ತ್ವಾರ್ಥಸೂತ್ರ ಪರಿಗ್ರಹವನ್ನು ವಸ್ತುವಿನಲ್ಲಿ ಹುಡುಕದೆ, ಅದರ ಮೇಲಿನ ಮೂರ್ಛೆಯಲ್ಲಿ, ಎಂದರೆ ಮೈಮರೆಸುವ ಮಮಕಾರದಲ್ಲಿ ಗುರುತಿಸುತ್ತದೆ. ಹಾಗಾದರೆ ಲೆಕ್ಕ ಹಾಕಿ ಏನನ್ನೂ ತೀರ್ಮಾನಿಸಲಾಗದು. ಒಂದೇ ಒಂದು ರೋಲಿಫ್ಲೆಕ್ಸ್ ಕ್ಯಾಮೆರಾ ಇಟ್ಟುಕೊಂಡವನೂ ಅದಕ್ಕೆ ಸೆರೆಯಾಗಿರಬಹುದು. ಆದರೆ ಮಮಕಾರ ಒಳಗಿನದು. ಅದನ್ನು ಪತ್ತೆಹಚ್ಚಲು ಹೊರಗಿನ ಒಂದು ಗುರುತಾದರೂ ಬೇಕು. ನನಗೆ ತೋರುವ ಗುರುತು ಸವೆತ. ತನ್ನ ವಸ್ತು ತನ್ನ ಕೈಯಲ್ಲಿ ಸವೆದು ಹೋಗಲಿ ಎಂದು ಒಪ್ಪಿದವನ ಹಿಡಿತ ಅಷ್ಟರಮಟ್ಟಿಗೆ ಸಡಿಲವಾಗಿದೆ.

ಈ ಪರೀಕ್ಷೆಗೆ ಫಿಲ್ಮ್ ಕ್ಯಾಮೆರಾದಷ್ಟು ಒಗ್ಗುವ ವಸ್ತು ಅಪರೂಪ, ಏಕೆಂದರೆ ಅದು ಬಳಸದಿದ್ದರೂ ಹಾಳಾಗುತ್ತದೆ. ವರ್ಷಗಟ್ಟಲೆ ಸುಮ್ಮನಿಟ್ಟ ಶಟರಿನ ಗ್ರೀಸ್ ಅಂಟಾಗುತ್ತದೆ. ಒಂದು ಸೆಕೆಂಡಿನ ವೇಗಕ್ಕೆ ತಿರುಗಿಸಿ ಗುಂಡಿ ಒತ್ತಿದರೆ ಎಳೆದೆಳೆದು ಸಾಗಿ, ಕೆಲವೊಮ್ಮೆ ಅರ್ಧಕ್ಕೇ ನಿಂತುಬಿಡುತ್ತದೆ. ಎಪ್ಪತ್ತರ ದಶಕದ ಜಪಾನಿ ಕ್ಯಾಮೆರಾಗಳ ಹಿಂಬಾಗಿಲಿಗೆ ಬೆಳಕು ನುಸುಳದಂತೆ ಅಂಟಿಸಿದ್ದ ಕಪ್ಪು ಸ್ಪಂಜು ಈಗ ಡಾಂಬರಿನಂತೆ ಕರಗಿ ಬೆರಳಿಗೆ ಮೆತ್ತುತ್ತದೆ. ಕರಾವಳಿ, ಮಲೆನಾಡಿನ ಮಳೆಗಾಲದಲ್ಲಿ ಚರ್ಮದ ಚೀಲದೊಳಗೇ ಉಳಿದ ಲೆನ್ಸಿಗೆ ಫಂಗಸ್ ಹಿಡಿಯುತ್ತದೆ. ಬೆಳಕಿಗೆ ಅಡ್ಡ ಹಿಡಿದರೆ ಗಾಜಿನ ಅಂಚಿನಿಂದ ನಡುವಿಗೆ ಹಬ್ಬಿದ ಬಿಳಿ ಎಳೆಗಳು ಕಾಣುತ್ತವೆ; ಹೆಚ್ಚು ಕಾಲ ಬಿಟ್ಟರೆ ಗಾಜಿನ ಲೇಪನವನ್ನೇ ತಿನ್ನುತ್ತವೆ. ಕಾರ್ಖಾನೆಯ ಮೊಹರು ಒಡೆಯದ ಪೆಟ್ಟಿಗೆಗಳನ್ನು ಸಂಗ್ರಹಿಸುವವರ ಪಾಡು ಇನ್ನೂ ವಿಚಿತ್ರ. ತೆರೆದರೆ ಬೆಲೆ ಬೀಳುತ್ತದೆ, ತೆರೆಯದಿದ್ದರೆ ಒಳಗೇನಾಗಿದೆ ಎಂಬುದೇ ತಿಳಿಯದು.

ಕೂಡಿಡುವವರಿಲ್ಲದಿದ್ದರೆ ಇವೆಲ್ಲ ಗುಜರಿ ಸೇರುತ್ತಿದ್ದವಲ್ಲವೇ ಎಂಬ ಆಕ್ಷೇಪ ನ್ಯಾಯವಾದದ್ದೇ. ಬಿಡಿಭಾಗಗಳು ಸಿಗದ ಕಾಲದಲ್ಲಿ ಎಲ್ಲವನ್ನೂ ಸವೆಸಿ ಮುಗಿಸುವುದು ಜಾಣತನವೂ ಅಲ್ಲ. ಹತ್ತು ಜನ ನೋಡಲೆಂದು ಜೋಪಾನ ಮಾಡುವ ಮ್ಯೂಸಿಯಂ ದಾನಕ್ಕೆ ಹತ್ತಿರದ್ದು. ಅದನ್ನು ಬೀರುವಿನ ಬೀಗದ ಜೊತೆ ಸೇರಿಸಬಾರದು. ಆದರೂ ಸವೆತದ ಪರವಾಗಿ ಸಂಗ್ರಾಹಕರ ಮಾರುಕಟ್ಟೆಯೇ ಕೊಟ್ಟಿರುವ ಒಂದು ಸಾಕ್ಷಿ ಇದೆ. 2022ರಲ್ಲಿ ಜರ್ಮನಿಯ ವೆಟ್ಜ್ಲಾರ್‌ನಲ್ಲಿ 1.44 ಕೋಟಿ ಯೂರೋಗೆ ಹರಾಜಾದದ್ದು ಲೈಕಾ ಕ್ಯಾಮೆರಾದ ಜನಕ ಆಸ್ಕರ್ ಬಾರ್ನಾಕ್ ಸ್ವತಃ ಬಳಸಿದ, ವ್ಯೂಫೈಂಡರ್ ಮೇಲೆ ಅವನ ಹೆಸರು ಕೊರೆದಿದ್ದ, 105ನೆಯ ಸಂಖ್ಯೆಯ ಕ್ಯಾಮೆರಾ. ಅಷ್ಟು ಬೆಲೆ ಬಂದದ್ದು ಒಬ್ಬನ ಕೈಯಲ್ಲಿ ದುಡಿದ ವಸ್ತುವಿಗೆ.

ಇಲ್ಲೇ ನನ್ನ ವಾದಕ್ಕೊಂದು ಪೆಟ್ಟೂ ಬೀಳುತ್ತದೆ: ಸವೆತವನ್ನೂ ದುಡ್ಡು ಕೊಟ್ಟು ಕೊಳ್ಳಬಹುದು. 2015ರಲ್ಲಿ ಗಾಯಕ ಲೆನ್ನಿ ಕ್ರಾವಿಟ್ಜ್ ವಿನ್ಯಾಸ ಮಾಡಿದ ಲೈಕಾ (ಅದು ಡಿಜಿಟಲ್, ಇರಲಿ) ಕಪ್ಪು ಬಣ್ಣವನ್ನು ಕೈಯಿಂದ ಉಜ್ಜಿ, ಹಿತ್ತಾಳೆ ಕಾಣುವಂತೆ ಮಾಡಿಯೇ ಅಂಗಡಿಗೆ ಬಂತು. ಒಟ್ಟು 125 ಸೆಟ್ ಮಾತ್ರ. ಬಳಸದೆಯೇ ಬಳಸಿದವನಂತೆ ಕಾಣುವ ಆಸೆಗೆ ಇದಕ್ಕಿಂತ ಪುರಾವೆ ಬೇಡ. ಹಾಗಾಗಿ ಸವೆತದ ಗುರುತನ್ನು ನೋಡಿದರೆ ಸಾಲದು, ಅದು ಯಾರ ಕೈಯಿಂದ ಬಂತೆಂದೂ ಕೇಳಬೇಕು. ಇನ್ನು, ಎಲ್ಲವನ್ನೂ ಬಳಸುತ್ತೇನೆ ಎನ್ನುತ್ತಲೇ ಇಪ್ಪತ್ತನೆಯದನ್ನು ಕೊಳ್ಳುವವನಿಗೆ ಜೈನ ಗೃಹಸ್ಥರ ಪರಿಗ್ರಹ ಪರಿಮಾಣ ವ್ರತವೇ ಉತ್ತರ. ಸಂಸಾರಿಗೆ ಅದು ಎಲ್ಲ ಬಿಡು ಎನ್ನುವುದಿಲ್ಲ. ನಿನ್ನ ಮಿತಿಯನ್ನು ನೀನೇ ಮೊದಲು ಹಾಕಿಕೋ, ಆಮೇಲೆ ದಾಟಬೇಡ ಎನ್ನುತ್ತದೆ. ಮೂರೋ ನಾಲ್ಕೋ, ಒಬ್ಬರ ಕೈ ಸವೆಸಬಲ್ಲಷ್ಟು.

ಇವೆಲ್ಲಕ್ಕಿಂತ ಕಠಿಣ ಆಕ್ಷೇಪ ಕ್ಯಾಮೆರಾದ ಮೇಲಲ್ಲ, ಅದರೊಳಗೆ ಹಾಕುವ ರೀಲಿನ ಮೇಲಿನದು. ಫಿಲ್ಮಿನ ಬೆಳ್ಳಿಯ ಹರಳುಗಳನ್ನು ಹಿಡಿದಿಡುವುದು ಜಿಲೆಟಿನ್, ಅಂದರೆ ದನ, ಹಂದಿಗಳ ಮೂಳೆ ಮತ್ತು ಚರ್ಮದಿಂದ ತೆಗೆದ ಅಂಟು. 1871ರಲ್ಲಿ ರಿಚರ್ಡ್ ಮ್ಯಾಡಾಕ್ಸ್ ಅದನ್ನು ಫೋಟೋದ ಗಾಜಿನ ಮೇಲೆ ಹಚ್ಚಿ ತೋರಿಸಿದಂದಿನಿಂದ ಫಿಲ್ಮ್ ಉದ್ಯಮ ಅದನ್ನು ಬಿಟ್ಟಿಲ್ಲ. ಅಪರಿಗ್ರಹವನ್ನು ಎತ್ತಿಹಿಡಿಯುವ ದರ್ಶನಕ್ಕೆ ಅಹಿಂಸೆ ಅದಕ್ಕೂ ಮೊದಲಿನದು. ಫಿಲ್ಮಿನ ಬದಲು ಫೋಟೋ ತೆಗೆಯುವ ಮೊಬೈಲಿಗೂ ಗಣಿಯ ಹಿಂಸೆಯಿದೆ ಎಂದು ಜಾರಿಕೊಳ್ಳಬಹುದು. ಆದರೆ ಒಂದರ ಹಿಂಸೆ ಇನ್ನೊಂದನ್ನು ತೊಳೆಯದು. ಅಹಿಂಸೆಯನ್ನು ಕಟ್ಟುನಿಟ್ಟಾಗಿ ಪಾಲಿಸುವವರು ಫಿಲ್ಮ್ ಮುಟ್ಟಬಾರದೆಂದರೆ ನನ್ನಲ್ಲಿ ಪ್ರತಿವಾದವಿಲ್ಲ. ಮುಟ್ಟುವವರು ಮಿತಿಯನ್ನು ಕ್ಯಾಮೆರಾಕ್ಕಿಂತ ಮೊದಲು ರೀಲಿಗೆ ಹಾಕಿಕೊಳ್ಳಬೇಕಾಗುತ್ತದೆ. ಆದರೆ ಫ್ರಿಜ್ಜಿನ ತುಂಬ ರೀಲು ದಾಸ್ತಾನು ಮಾಡುವ ಚಪಲ ಈ ಹವ್ಯಾಸದಲ್ಲಿ ಸಾಮಾನ್ಯ. ಕೊಡಾಕ್ರೋಮ್ ಫಿಲ್ಮನ್ನು ತೊಳೆಯುತ್ತಿದ್ದ ಕೊನೆಯ ಲ್ಯಾಬ್, ಅಮೆರಿಕದ ಕ್ಯಾನ್ಸಸ್‌ನ ಪಾರ್ಸನ್ಸ್ ಊರಿನದು, 2010ರ ಡಿಸೆಂಬರ್ ಕೊನೆಗೆ ರೀಲು ತೆಗೆದುಕೊಳ್ಳುವುದನ್ನು ನಿಲ್ಲಿಸಿತು. ಬಣ್ಣ ಬರಿಸಿಕೊಡುವ ಲ್ಯಾಬಿಲ್ಲದ ಆ ರೀಲುಗಳನ್ನು ಈಗಲೂ ಕೊಳ್ಳುವವರಿದ್ದಾರೆ, ಕಾಪಾಡಿಡುವವರಿದ್ದಾರೆ.