ಕಾವಲು ಯಾರ ಹೊಣೆ?

ಕಳ್ಳನ ಅಪರಾಧಕ್ಕೆ ಮನೆ ಮಾಲೀಕನನ್ನು ಹೊಣೆಯಾಗಿಸುವುದು ನ್ಯಾಯವೇ? ಅಮೆರಿಕದ ವಾಷಿಂಗ್ಟನ್ನಿನಲ್ಲಿ 585 ಮನೆಗಳ ಅಪಾರ್ಟ್‌ಮೆಂಟ್‌ಗೆ 1959ರಲ್ಲಿ ಮಹಿಳೆಯೊಬ್ಬರು ಬಾಡಿಗೆಗೆ ಬಂದಾಗ ಬಾಗಿಲಲ್ಲಿ ಹಗಲಿರುಳೂ ಕಾವಲುಗಾರನಿದ್ದ. ಆ ಕಾವಲು ಕ್ರಮೇಣ ಇಲ್ಲವಾಯಿತು. ಓಣಿಗಳಲ್ಲಿ ಹಲ್ಲೆ, ಕಳವು ಹೆಚ್ಚುತ್ತಿದ್ದುದು ಮಾಲೀಕರಿಗೆ ಗೊತ್ತಿತ್ತು. 1966ರಲ್ಲಿ ಆಕೆಯ ಮೇಲೂ ಅಲ್ಲೇ ಹಲ್ಲೆಯಾಯಿತು. ಕನಿಷ್ಠ 1959ರಲ್ಲಿದ್ದಷ್ಟು ರಕ್ಷಣೆಯನ್ನಾದರೂ ಕೊಡಬೇಕಿತ್ತೆಂದು 1970ರಲ್ಲಿ ಮೇಲ್ಮನವಿ ನ್ಯಾಯಾಲಯ ಮಾಲೀಕರನ್ನು ಹೊಣೆಯಾಗಿಸಿತು. ಬಾಡಿಗೆದಾರ ತನ್ನ ಮನೆಗೆ ಬೀಗ ಹಾಕಬಲ್ಲ, ಎಲ್ಲರೂ ನಡೆದಾಡುವ ಓಣಿಗೆ ಹಾಕಲಾರನಲ್ಲ!

ಬಾಡಿಗೆ ಪಡೆದವನಿಗೆ ಆ ಜೀವಗಳೂ ಅಮಾನತ್ ಎಂದೇ ನಾವು ತಿಳಿಯುತ್ತೇವೆ. ಆದರೆ ನಮ್ಮ ಬೆಂಗಳೂರಿನಲ್ಲಿ ಕೆಲವರಿಗೆ ಭದ್ರತೆಯೆಂದರೆ ಬೇರೆಯೇ ಅರ್ಥ. ಹೆಸರು ಕೇಳುತ್ತಲೇ ‘ಮನೆ ಖಾಲಿಯಿಲ್ಲ’ ಎನ್ನುತ್ತಾರೆ. ಅವರ ಮೆಟ್ಟಿಲ ದೀಪ ಕೆಟ್ಟು ಎಷ್ಟು ದಿನವಾಯಿತೆಂದು ಅಲ್ಲಿರುವವರನ್ನೇ ಕೇಳಬೇಕು.