ಕೊಡದೆ ಕೊಟ್ಟವರ ಋಣ

ಋಣವೆಂದರೆ ಇಬ್ಬರ ನಡುವಿನ ವ್ಯವಹಾರವೆಂದೇ ನಾವು ತಿಳಿಯುತ್ತೇವೆ. ಕೊಟ್ಟವನೊಬ್ಬ, ಪಡೆದವನೊಬ್ಬ; ಕೊಟ್ಟವನಿಗೆ ಕೊಡಬೇಕೆಂಬ ಮನಸ್ಸಿತ್ತು, ಪಡೆದವನಿಗೆ ಪಡೆದೆನೆಂಬ ಅರಿವಿದೆ. ಈ ಎರಡೂ ಕೂಡಿದ ಕಡೆ ಕೃತಜ್ಞತೆ ಹುಟ್ಟುತ್ತದೆ. ಆದರೆ ಕೊಡಬೇಕೆಂಬ ಎಣಿಕೆಯೇ ಇಲ್ಲದವರಿಂದ ನಮಗೆ ಏನಾದರೂ ಬಂದಿದ್ದರೆ, ಆಗಲೂ ನಾವು ಋಣಿಗಳೆ? ಈ ಹಳೆಯ ಪ್ರಶ್ನೆಯನ್ನು ಇತ್ತೀಚಿನ ಖಗೋಳವಿಜ್ಞಾನ ಹೊಸದೊಂದು ರೀತಿಯಲ್ಲಿ ನಮ್ಮ ಮುಂದಿಟ್ಟಿದೆ.

ಮೀನರಾಶಿಯ ದಿಕ್ಕಿನಲ್ಲಿ, ಸುಮಾರು 3 ಕೋಟಿ 20 ಲಕ್ಷ ಜ್ಯೋತಿರ್ವರ್ಷಗಳ ಆಚೆ, ಎಂ-74 ಎಂಬ ಸುರುಳಿ ಗೆಲಾಕ್ಸಿಯೊಂದಿದೆ. 2022ರಲ್ಲಿ ಜೇಮ್ಸ್ ವೆಬ್ ದೂರದರ್ಶಕವು ಅವಕೆಂಪು ಕಿರಣಗಳಲ್ಲಿ ಅದರ ಚಿತ್ರ ತೆಗೆಯಿತು. ಸುರುಳಿಯ ಬಾಹುಗಳಲ್ಲಿ ಹರಡಿದ್ದ ಅನಿಲ, ಧೂಳುಗಳು ಕಾವಲಿಯ ಮೇಲಿನ ದೋಸೆಯಂತೆ ಮೈಯೆಲ್ಲ ತೂತಾಗಿ ಕಂಡವು. 2023ರಲ್ಲಿ ಸಂಶೋಧಕರು ಎಣಿಸಿ ನೋಡಿದಾಗ ಅದೊಂದರಲ್ಲೇ ಇಂಥ ಗುಳ್ಳೆಗಳು 1,600ಕ್ಕೂ ಮಿಕ್ಕಿದ್ದವು. 2024ರ ಜನವರಿಯಲ್ಲಿ ಹತ್ತೊಂಬತ್ತು ಸುರುಳಿ ಗೆಲಾಕ್ಸಿಗಳ ಚಿತ್ರಗಳು ಒಟ್ಟಿಗೆ ಬಂದಾಗ, ಎಲ್ಲರ ಮನೆಯ ದೋಸೆಯೂ ತೂತೇ ಎಂಬ ಗಾದೆ ಆಕಾಶಕ್ಕೂ ಸಲ್ಲುವುದೆಂದು ಖಚಿತವಾಯಿತು.

ಈ ತೂತುಗಳನ್ನು ಕೊರೆದವು ನಕ್ಷತ್ರಗಳೇ. ತಣ್ಣನೆಯ ಅನಿಲದ ಮೋಡವೊಂದು ತನ್ನ ಭಾರಕ್ಕೆ ತಾನೇ ಕುಗ್ಗಿ ನಕ್ಷತ್ರಗಳನ್ನು ಹೆರುತ್ತದೆ. ಅವುಗಳಲ್ಲಿ ಕೆಲವು ಸೂರ್ಯನಿಗಿಂತ ಹತ್ತಾರು ಪಟ್ಟು ಭಾರವಾದವು. ಅವುಗಳ ಅತಿನೇರಳೆ ಬೆಳಕು ಸುತ್ತಲಿನ ಅನಿಲವನ್ನು ಸುಮಾರು ಹತ್ತು ಸಾವಿರ ಡಿಗ್ರಿಯವರೆಗೆ ಕಾಯಿಸುತ್ತದೆ. ಅವುಗಳ ಮೈಯಿಂದ ಸೆಕೆಂಡಿಗೆ ಸಾವಿರಾರು ಕಿಲೋಮೀಟರ್ ವೇಗದ ಗಾಳಿ ಬೀಸುತ್ತದೆ. ಕೆಲವು ದಶಲಕ್ಷ ವರ್ಷಗಳಲ್ಲೇ ಆಯುಸ್ಸು ತೀರಿ ಅವು ಸೂಪರ್‌ನೋವಾ ಆಗಿ ಸಿಡಿಯುತ್ತವೆ. ಹೆತ್ತ ಮೋಡ ಚದರಿಹೋಗುತ್ತದೆ. ಉಂಡ ಮನೆಯ ಜಂತೆ ಎಣಿಸುವವರನ್ನು ನಾವು ಕೃತಘ್ನರೆನ್ನುತ್ತೇವೆ; ಇವು ಜಂತೆಯನ್ನೇ ಕಿತ್ತೊಗೆಯುತ್ತವೆ!

ಆದರೆ ಗೆಲಾಕ್ಸಿಯ ಬಾಳನ್ನು ಕಾಯುವುದೂ ಇದೇ. ತಡೆಯಿಲ್ಲದೆ ಮೋಡಗಳೆಲ್ಲ ಕುಸಿಯುವಂತಿದ್ದರೆ ನಮ್ಮ ಆಕಾಶಗಂಗೆಯಲ್ಲಿ ವರ್ಷಕ್ಕೆ ನೂರಾರು ಸೂರ್ಯರಷ್ಟು ದ್ರವ್ಯ ನಕ್ಷತ್ರಗಳಾಗಬೇಕಿತ್ತು. ಆಗುತ್ತಿರುವುದು ಒಂದೆರಡು ಸೂರ್ಯರಷ್ಟು ಮಾತ್ರ. ಒಂದು ಮೋಡದಲ್ಲಿ ನೂರಕ್ಕೆ ಕೆಲವೇ ಪಾಲು ನಕ್ಷತ್ರವಾಗಿ, ಮಿಕ್ಕದ್ದು ಮುಂದಿನವರಿಗೆ ಉಳಿಯುತ್ತದೆ. ದೂಡಿದ ಅನಿಲ ಅಂಚಿನಲ್ಲಿ ಒಟ್ಟಾಗಿ ಅಲ್ಲಿ ಹೊಸ ನಕ್ಷತ್ರಗಳು ಹುಟ್ಟುವುದೂ ಉಂಟು. ನಮ್ಮ ಸೂರ್ಯನೇ ಈಗ ಅಂಥ ಗುಳ್ಳೆಯೊಂದರೊಳಗಿದ್ದಾನೆ. ಅದರ ಅಗಲ ಸುಮಾರು ಸಾವಿರ ಜ್ಯೋತಿರ್ವರ್ಷ. 2022ರ ಅಧ್ಯಯನವೊಂದರ ಪ್ರಕಾರ, ಸುಮಾರು 1 ಕೋಟಿ 40 ಲಕ್ಷ ವರ್ಷಗಳ ಹಿಂದೆ ಮೊದಲಾದ ಹದಿನೈದರಷ್ಟು ಸ್ಫೋಟಗಳು ಅದನ್ನು ಊದಿದವು. ಸೂರ್ಯ ಅಲ್ಲಿ ಹುಟ್ಟಿದವನಲ್ಲ. ಸುಮಾರು 50 ಲಕ್ಷ ವರ್ಷಗಳ ಹಿಂದೆ ಒಳಹೊಕ್ಕ ದಾರಿಹೋಕ. ಇನ್ನು ನಮ್ಮ ನೆತ್ತರಿನ ಕಬ್ಬಿಣ, ಎಲುಬಿನ ಸುಣ್ಣ ಇವೆಲ್ಲ ಸೂರ್ಯನಿಗಿಂತ ಹಿಂದಿನ ನಕ್ಷತ್ರಗಳ ಒಡಲಲ್ಲಿ ಬೆಂದು ಬಂದವು. ಇದನ್ನು ಬರ್ಬಿಜ್ ದಂಪತಿಗಳು, ಫೌಲರ್ ಮತ್ತು ಹಾಯ್ಲ್ 1957ರಲ್ಲಿ ವಿವರವಾಗಿ ತೋರಿಸಿಕೊಟ್ಟರು.

ಇದನ್ನು ಕೇಳಿದೊಡನೆ ನಕ್ಷತ್ರವನ್ನು ದಧೀಚಿಯೆಂದು ಹೊಗಳುವ ಆಸೆಯಾಗುವುದು ಸಹಜ. ಆದರೆ ದಧೀಚಿ ತಿಳಿದು ಕೊಟ್ಟವನು. ಒಲ್ಲೆನೆನ್ನುವ ಸ್ವಾತಂತ್ರ್ಯ ಅವನಿಗಿತ್ತು. ನಕ್ಷತ್ರಕ್ಕೆ ಅದಿಲ್ಲ. ಒಲ್ಲೆನೆನ್ನಲಾರದವನ ಕೊಡುಗೆ ತ್ಯಾಗವಾಗದು. ಇದಕ್ಕಿಂತ ಅಪಾಯದ ಮಾತು ಇನ್ನೊಂದಿದೆ: ನಾಶದಿಂದಲೇ ಸೃಷ್ಟಿ, ಆದ್ದರಿಂದ ನಾಶಕ್ಕೆ ಮರುಗಬೇಕಾಗಿಲ್ಲ ಎಂಬುದು. ನಾಶವಾದದ್ದು ತಮ್ಮ ಮನೆಯಲ್ಲದವರು ಈ ಮಾತನ್ನು ಸುಲಭವಾಗಿ ಆಡುತ್ತಾರೆ. ನಕ್ಷತ್ರ ಮಾಡಿದ್ದು ಅರಿಯದೆ. ಅರಿತು ಮಾಡುವ ಮನುಷ್ಯ ನಕ್ಷತ್ರದ ನಿರ್ದೋಷವನ್ನು ಎರವಲು ಪಡೆಯಲಾರ.

ಹಾಗಾದರೆ, ಕೊಟ್ಟವನಿಗೆ ಮನಸ್ಸಿಲ್ಲವೆಂದಮೇಲೆ ಪಡೆದವನಿಗೆ ಋಣವೂ ಇಲ್ಲವೆನ್ನೋಣವೆ? ನನಗೆ ಹಾಗೆ ತೋರುವುದಿಲ್ಲ. ಋಣವನ್ನು ಕೊಟ್ಟವನ ಮನಸ್ಸಿನಲ್ಲಿ ಹುಡುಕಬಾರದು, ಪಡೆದವನ ಬಾಳಿನಲ್ಲಿ ಹುಡುಕಬೇಕು. ನಾನು ಗಳಿಸದೆ ಬಂದದ್ದರಿಂದ ನಾನು ಬದುಕಿದ್ದೇನೆ ಎಂದಮೇಲೆ, ಅದನ್ನು ನನ್ನ ಕಾಲಕ್ಕೇ ಬರಿದುಮಾಡುವ ಅಧಿಕಾರ ನನಗಿಲ್ಲ. ಪಿತೃಋಣವನ್ನು ಸಂತಾನದ ಮೂಲಕ ತೀರಿಸಬೇಕೆಂದು ನಮ್ಮ ಹಿರಿಯರು ಹೇಳಿದ್ದರಲ್ಲಿ ಈ ವಿವೇಕವಿದೆ: ಹಿಂದಿನವರಿಗೆ ಮರಳಿಸಲಾಗದ್ದನ್ನು ಮುಂದಿನವರಿಗೆ ಸಲ್ಲಿಸಬೇಕು. ನಕ್ಷತ್ರಗಳಲ್ಲಿ ಮಿತಿಯೆಂಬುದು ಅವುಗಳದೇ ಗಾಳಿ, ಬೆಳಕುಗಳಿಂದ ತಾನಾಗಿ ಒದಗುತ್ತದೆ. ನಮ್ಮ ಆಸೆಗೆ ಒಳಗಿನಿಂದ ಅಂಥ ಗಾಳಿ ತಾನಾಗಿ ಏಳುವುದಿಲ್ಲ, ನಾವೇ ಎಬ್ಬಿಸಿಕೊಳ್ಳಬೇಕು.

ಆದರೆ ಕೊಡದೆ ಕೊಟ್ಟವರೆಲ್ಲರೂ ನಕ್ಷತ್ರಗಳಲ್ಲ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದು, ಶರಾವತಿಯ ಹಿನ್ನೀರಿನಲ್ಲಿ ಎಷ್ಟೋ ಹಳ್ಳಿಗಳು ಮುಳುಗಿದವು. ಆ ನೀರಿನ ವಿದ್ಯುತ್ತು ನಗರಗಳ ಮನೆಗಳನ್ನು ಬೆಳಗಿತು. ಆ ಹಳ್ಳಿಗರು ನಮಗೆ ದೀಪ ಕೊಡೋಣವೆಂದು ಹೊರಟವರಲ್ಲ, ಅವರಿಂದ ಪಡೆಯಲಾಯಿತು. ಆಮೇಲೆ ಜಮೀನಿನ ಹಕ್ಕುಪತ್ರಕ್ಕಾಗಿ ಅವರಲ್ಲಿ ಅನೇಕರು ದಶಕಗಟ್ಟಲೆ ಅಲೆದರು. ಇಂಥವರ ಋಣವನ್ನು ಮುಂದಿನವರಿಗೆ ಸಲ್ಲಿಸುತ್ತೇವೆಂದು ಹೇಳಿ ನಾವು ನುಣುಚಿಕೊಳ್ಳುವಂತಿಲ್ಲ. ಸಿಡಿದುಹೋದ ನಕ್ಷತ್ರಕ್ಕೆ ಮರಳಿಸುವ ದಾರಿಯಿಲ್ಲ. ಇವರಿಗೆ ಹೆಸರಿದೆ, ಊರಿದೆ, ಮಕ್ಕಳುಮೊಮ್ಮಕ್ಕಳಿದ್ದಾರೆ. ರಾತ್ರಿ ದೀಪ ಹಾಕುವಾಗ ಆಕಾಶದ ಋಣವನ್ನು ನೆನೆಯುವುದು ಒಳ್ಳೆಯದೇ. ಅದಕ್ಕೂ ಮೊದಲು ಈ ಹತ್ತಿರದ ಲೆಕ್ಕವನ್ನು ನೋಡಿಕೊಳ್ಳುವುದು ನ್ಯಾಯ.