ಗುಳ್ಳೆಯಿಲ್ಲದ ಎರಕ

ಗಾಳಿ ತಾನಾಗಿ ಎರಕದ ರೆಸಿನ್‌ಗೆ ನುಗ್ಗುವುದು ಕಡಿಮೆ. ಕಲಕುವ ಕೈಯೇ ಅದನ್ನು ಕರೆತರುತ್ತದೆ. ಕಡ್ಡಿ ತಳ ಬಿಡದಿರಲಿ, ಲೋಟದ ಅಂಚು ಸವರುತ್ತಾ ನಿಧಾನವಾಗಿ ತಿರುಗಲಿ.

*

ಒಳಗೆ ಬಿಡದ ಗುಳ್ಳೆಯನ್ನು ಹೊರಗೆ ಹಾಕುವ ಕೆಲಸವೇ ಇಲ್ಲ.

*

ಚಳಿಗೆ ಎಪಾಕ್ಸಿ ರೆಸಿನ್ ಮಂದವಾಗುತ್ತದೆ. ಮಂದವಾದದ್ದರಲ್ಲಿ ಸಿಕ್ಕಿಬಿದ್ದ ಗಾಳಿ ಮೇಲೇಳದು. ಗಟ್ಟಿಯಾಗಿಸುವ ಹಾರ್ಡನರ್ ಬೆರೆಸುವ ಮೊದಲು ಬಾಟಲಿಯನ್ನು ಬೆಚ್ಚನೆಯ ನೀರಿನಲ್ಲಿ ಕೊಂಚ ಹೊತ್ತು ನಿಲ್ಲಿಸಿ. ಆದರೆ ತೆಳುವಾಗಿಸುವ ಕಾವೇ ಬೇಗ ಗಟ್ಟಿಯೂ ಮಾಡುತ್ತದೆ. ಪಡೆದ ಅನುಕೂಲಕ್ಕೆ ಸಮಯದಲ್ಲಿ ಬೆಲೆ ತೆರಬೇಕು.

*

ಎಲ್ಲ ಗುಳ್ಳೆಯೂ ಹೊರಗಿನ ಗಾಳಿಯದಲ್ಲ. ಪಾಲಿಯುರೆಥೇನ್ ರೆಸಿನ್‌ಗೆ ನೀರಿನ ಪಸೆ ತಾಕಿದರೆ ಅದರಲ್ಲಿರುವ ಐಸೊಸಯನೇಟ್ ಇಂಗಾಲದ ಡೈಆಕ್ಸೈಡ್ ಹುಟ್ಟಿಸುತ್ತದೆ. ಮಳೆಗಾಲದಲ್ಲಿ ಡಬ್ಬಿಯ ಮುಚ್ಚಳ ತೆರೆದಿಟ್ಟು, ಎಷ್ಟು ಮೆಲ್ಲಗೆ ಕಲಕಿದರೇನು? ಕಾರಣ ತಿಳಿಯದೆ ಮದ್ದು ಹುಡುಕಬಾರದು.

*

ಎರಕದೊಳಗೆ ಕೂರಿಸುವ ಮರದ ತುಂಡು ತನ್ನ ರಂಧ್ರಗಳಲ್ಲಿ ಗಾಳಿ ಹಿಡಿದಿಟ್ಟುಕೊಂಡಿರುತ್ತದೆ. ಮೊದಲು ತೆಳುವಾಗಿ ರೆಸಿನ್ ಸವರಿ, ಅದು ಗಟ್ಟಿಯಾಗಲು ಬಿಡಿ, ಮುಳುಗಿಸುವುದು ಆಮೇಲೆ.

*

ಅಚ್ಚು ಮಾಡುವ ಸಿಲಿಕೋನನ್ನು ಎತ್ತರದಿಂದ, ತೆಳುವಾದ ಎಳೆಯಾಗಿ, ಮೂರ್ತಿಯಿಟ್ಟ ಪೆಟ್ಟಿಗೆಯ ಒಂದೇ ಮೂಲೆಗೆ ಸುರಿಯಿರಿ. ಎಳೆ ಸಣ್ಣದಾದಂತೆ ಗುಳ್ಳೆ ಚಾಚಿಕೊಂಡು ಒಡೆಯುತ್ತದೆ. ತಳದಿಂದ ಏರುವ ಸಿಲಿಕೋನ್ ಗಾಳಿಯನ್ನು ಮುಂದಕ್ಕೆ ತಳ್ಳುತ್ತದೆ. ಮೂರ್ತಿಯ ಕಿವಿ, ಬೆರಳಿನ ಸಂದುಗಳಿಗೆ ಮಾತ್ರ ಮೊದಲೇ ಬ್ರಷ್‌ನಿಂದ ಸವರಿರಬೇಕು. ಸೂಕ್ಷ್ಮವಾದದ್ದನ್ನು ಪ್ರವಾಹಕ್ಕೆ ಬಿಟ್ಟುಕೊಡಬಾರದು.

*

ಗಾಳಿ ಹೀರುವ ವ್ಯಾಕ್ಯೂಮ್ ಚೇಂಬರಿನಲ್ಲಿ ಸಿಲಿಕೋನ್ ಹಾಲಿನಂತೆ ಮೂರು ನಾಲ್ಕು ಪಟ್ಟು ಉಕ್ಕಿ, ಆಮೇಲೆ ಕುಸಿಯುತ್ತದೆ. ಕುಸಿದ ಮೇಲೂ ಪಂಪು ಒಂದೆರಡು ನಿಮಿಷ ಓಡಲಿ. ಉಕ್ಕುವುದಕ್ಕೆ ಜಾಗ ಬಿಟ್ಟವನಿಗಷ್ಟೇ ಶುದ್ಧವಾದದ್ದು ಸಿಗುತ್ತದೆ.

*

ಎರಕವನ್ನು ಒತ್ತಡದಲ್ಲಿಡುವ ಪ್ರೆಶರ್ ಪಾಟ್ ಗುಳ್ಳೆಯನ್ನು ತೆಗೆಯುವುದಿಲ್ಲ, ಕುಗ್ಗಿಸುತ್ತದೆ. ರಾಬರ್ಟ್ ಬಾಯ್ಲ್ 1662ರಲ್ಲಿ ಪ್ರಕಟಿಸಿದ ನಿಯಮವೇ ಇಲ್ಲಿಯೂ ನಡೆಯುವುದು: ಗೇಜು 45 ಪಿಎಸ್‌ಐ ತೋರಿಸುವಾಗ ಗುಳ್ಳೆಯ ಗಾತ್ರ ಸುಮಾರು ಕಾಲುಭಾಗಕ್ಕೆ ಇಳಿದಿರುತ್ತದೆ. ರೆಸಿನ್ ಗಟ್ಟಿಯಾಗುವ ಮುನ್ನ ಒತ್ತಡ ಇಳಿಸಿದರೆ ಗುಳ್ಳೆ ಮತ್ತೆ ಹಿಗ್ಗುತ್ತದೆ. ಅಷ್ಟು ಒತ್ತಡ ತಾಳುವಂತೆ ತಯಾರಾಗದ ಪಾತ್ರೆಯನ್ನು ಈ ಕೆಲಸಕ್ಕೆ ಎಂದೂ ಬಳಸಬೇಡಿ.

*

ಅಚ್ಚಿನ ಗೋಡೆಯೊಳಗೆ ಅಡಗಿದ ಗುಳ್ಳೆ ಒತ್ತಡಕ್ಕೆ ಕುಸಿದು, ಎರಕದ ಮೈಮೇಲೆ ಗಂಟಾಗಿ ಮೂಡುತ್ತದೆ. ಅಚ್ಚು ಮಾಡುವಾಗ ಉಳಿಸಿದ ಶ್ರಮಕ್ಕೆ ಪ್ರತಿ ಎರಕದಲ್ಲೂ ದಂಡ ಕಟ್ಟಬೇಕು.

*

ಗಾಳಿಗೆ ಹೊರಹೋಗುವ ದಾರಿಯನ್ನು ಅಚ್ಚಿನಲ್ಲೇ ಕೊರೆದಿಡಬೇಕು. ಅತಿ ಎತ್ತರದ ಬಿಂದುವಿನಲ್ಲಿ ಕಿಂಡಿಯಿಲ್ಲದಿದ್ದರೆ, ಎಷ್ಟು ಜಾಣತನದಿಂದ ಸುರಿದರೂ ಅಲ್ಲಿ ಟೊಳ್ಳು ಉಳಿಯುತ್ತದೆ.

*

ಅಚ್ಚು ಒಣಗಿದೆಯೇ, ಲೋಟ ಸಾಕಷ್ಟು ದೊಡ್ಡದೇ, ಕಿಂಡಿ ತೆರೆದಿದೆಯೇ ಎಂದು ಬೆರೆಸುವ ಮೊದಲೇ ನೋಡಿಕೊಳ್ಳಿ. ಹಾರ್ಡನರ್ ಬಿದ್ದ ಮೇಲೆ ಯೋಚಿಸಲು ಪುರಸೊತ್ತು ಸಿಗುವುದಿಲ್ಲ.